ಶೀತಲ ಭವನದ ಮಲ್ಲಪ್ಪ

ರವಿವಾರ, ೯ ಜನವರಿ ೧೯೩೮

ಇಂದು ರಾಣೆಬೆನ್ನೂರಿಗೆ ಹೋಗಿ ಬಂದೆ. ಮಲ್ಲಿಕಸಾಬ ಮುಂಬಯಿಯಿಂದ ತಿರುಗಿ ಬಂದಿದ್ದಾನೆಂದು ಕೇಳಿ ಎಂಟು ದಿನವಾಗಿತ್ತು. ಮೆಣಸಿನಕಾಯಿಯ ಹಂಗಾಮು, ನನ್ನಂಥ ದಲಾಲಿ ಅಂಗಡಿಯ ಗುಮಾಸ್ತನಿಗೆ ಬಿಡುವೆಲ್ಲಿ? ಇಂದು ಬೆಳಗಿನ ರೈಲುಗಾಡಿ ಹತ್ತಿಯೇಬಿಟ್ಟೆ.

ಒಂಬತ್ತು ವರ್ಷಗಳ ಮೇಲೆ ಅವನನ್ನು ನೋಡಿದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ನಾವು ಒಂದೇ ಬೆಂಚಿನವರು. ಈಗ ಹಣೆಯ ಮೇಲೆ ಕೂದಲು ತೆಳುವಾಗಿದೆ, ಮಾತಿನಲ್ಲಿ ಮುಂಬಯಿಯ ಒಂದೆರಡು ಶಬ್ದ ಸೇರಿವೆ. ನಗೆ ಮಾತ್ರ ಹಾಗೆಯೇ ಇದೆ. ಕದ ತೆಗೆದವನು ನನ್ನ ಮುಖ ನೋಡಿ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ, "ಮಕ್ತುಮಬಿ, ಬಾ ಇಲ್ಲಿ. ಗಣಿತದಾಗ ನನಗ ತೋರಿಸಿ ಪಾಸ್ ಮಾಡಿಸಿದಾಂವ ಬಂದಾನ."

ಹಿತ್ತಲಲ್ಲಿ ಅವನ ಆಸ್ತಿ ತೋರಿಸಿದ. ಒಂದು ಕಟ್ಟಿಗೆಯ ಬಕೆಟ್ಟು, ಅದರ ನಡುವೆ ಉದ್ದನೆಯ ತಗಡಿನ ಡಬ್ಬಿ, ಮೇಲೆ ಹಲ್ಲುಚಕ್ರ, ಪಕ್ಕಕ್ಕೊಂದು ಹಿಡಿಕೆ. ಮುಂಬಯಿಯಲ್ಲಿ ಒಬ್ಬ ಇರಾಣಿಯ ಹೊಟೇಲಿನಲ್ಲಿ ಎಂಟು ವರ್ಷ ಐಸ್‌ಕ್ರೀಮ್ ಮಾಡಲು ಇದನ್ನೇ ತಿರುವಿದನಂತೆ. ಮುದುಕ ಹೊಟೇಲು ಮುಚ್ಚಿ ದೇಶಕ್ಕೆ ಹೊರಟಾಗ ಯಂತ್ರವನ್ನು ಇವನಿಗೇ ಕೊಟ್ಟುಹೋದ. ಡಬ್ಬಿಯಲ್ಲಿ ಕಾಯಿಸಿ ಆರಿಸಿದ ಹಾಲು, ಸಕ್ಕರೆ. ಸುತ್ತಲೂ ಹುಬ್ಬಳ್ಳಿಯಿಂದ ಬೆಳಗಿನ ಗಾಡಿಗೆ ತರಿಸಿದ ಬರ್ಫಿನ ಚೂರು, ಅದರ ಮೇಲೆ ಹರಳುಪ್ಪು. ಅರ್ಧ ತಾಸು ತಿರುವಿದ. ಹಾಲು ಬೆಣ್ಣೆಯಂತೆ ಗಟ್ಟಿಯಾಯಿತು.

ಇದ್ದದ್ದು ಒಂದೇ ಚಮಚೆ. ಅವನೊಮ್ಮೆ, ನಾನೊಮ್ಮೆ ತಿಂದೆವು. ಹಲ್ಲು ಜುಮ್ಮೆಂದವು. ನಾಲಿಗೆಯ ಮೇಲೆ ಇದೆ ಅನ್ನುವಷ್ಟರಲ್ಲಿ ಇಲ್ಲ.

"ಹೆಂಗೈತಿ?" ಎಂದ.

"ಮಲ್ಲಿಕ, ಇದು ನಮ್ಮ ಬ್ಯಾಡಗಿಯೊಳಗ ಸಿಕ್ಕರ ಮಂದಿ ಬಿಡೂದಿಲ್ಲೋ. ವರ್ಷದಾಗ ಐದು ತಿಂಗಳು ಮೆಣಸಿನಕಾಯಿ ಘಾಟಿಗೆ ಸೀನಕೋತ ಕೂಡೂ ಊರದು."

ನಗಬಹುದು ಅಂದುಕೊಂಡೆ. ಅವನು ನಗಲಿಲ್ಲ. ಚಮಚೆ ಕೆಳಗಿಟ್ಟು ನನ್ನನ್ನೇ ನೋಡಿದ.

ಮಂಗಳವಾರ, ೧೧ ಜನವರಿ

ಇಡೀ ದಿನ ಮೆಣಸಿನಕಾಯಿಯ ರಾಶಿಗಳ ನಡುವೆ ಲಿಲಾವಿನ ಬೆಲೆ ಕೂಗಿದ್ದಾಯಿತು. ಕಣ್ಣು ಕೆಂಪು, ಮೂಗು ಕೆಂಪು. ತಲೆಯಲ್ಲಿ ಮಾತ್ರ ಬರ್ಫು.

ರವಿವಾರ, ೨೩ ಜನವರಿ

ಮಲ್ಲಿಕ ಬಂದಿದ್ದ. ಅವ್ವ ಎಂದಿನಂತೆ ಅವನಿಗೆ ಹೊರಗಿನ ಕಟ್ಟೆಯ ಮೇಲೆ ಎಲೆ ಹಾಕಿದಳು. ನಾನೂ ಎಂದಿನಂತೆ ನನ್ನ ಎಲೆ ಎತ್ತಿಕೊಂಡು ಹೋಗಿ ಅವನ ಪಕ್ಕದಲ್ಲೇ ಕೂತೆ. ಅವ್ವ ಇದಕ್ಕೆ ಇಪ್ಪತ್ತು ವರ್ಷಗಳಿಂದ ಸಿಟ್ಟಾಗುತ್ತ ಬಂದಿದ್ದಾಳೆ, ಇಪ್ಪತ್ತು ವರ್ಷಗಳಿಂದ ಅವನಿಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕುತ್ತಲೂ ಬಂದಿದ್ದಾಳೆ.

ಊಟದ ಮೇಲೆ ಇಲ್ಲಿ ಅಂಗಡಿ ಹಾಕುವ ಮಾತು ಮುಗಿಯಿತು. "ಯಂತ್ರ ನಂದು, ಕೈ ನಂದು," ಎಂದ. "ಜಾಗಾ, ಊರು, ಮಾತು ನಿಂದು. ಪಾಲು ಅರ್ಧಕ್ಕರ್ಧ."

"ಹೆಸರೂ ಅರ್ಧಕ್ಕರ್ಧ," ಎಂದೆ. "ಬೋರ್ಡಿನ ಮ್ಯಾಲ ಇಬ್ಬರದೂ ಬರಸೂಣು."

ಮಥುರಾ ಒಳಗಿನಿಂದ ಕೇಳಿಸಿಕೊಂಡಿದ್ದಳು. ಅವನು ಹೋದ ಮೇಲೆ, "ಅವರ ಹೆಸರು ಮೊದಲು ಹಾಕಸ್ರಿ. ಮಾಡೋರು ಅವರಲ್ಲ?" ಎಂದಳು. ಹೆಂಡತಿಗೂ ವ್ಯಾಪಾರ ತಿಳಿಯಹತ್ತಿತು ಎಂದು ನಕ್ಕೆ.

ರವಿವಾರ, ೬ ಫೆಬ್ರುವರಿ

ವಿರೂಪಾಕ್ಷಪ್ಪನವರು ಒಪ್ಪಿದರು. ಹದಿಮೂರು ವರ್ಷ ಅವರ ದಲಾಲಿ ಅಂಗಡಿಯಲ್ಲಿ ದುಡಿದದ್ದು ಸಾರ್ಥಕವಾಯಿತು. ಪೇಟೆಯ ಬೀದಿಯಲ್ಲಿ ಖಾಲಿ ಬಿದ್ದ ಅವರ ಮಳಿಗೆ ನಮಗೆ. ಮುಂದೆ ಅಂಗಡಿ, ಹಿಂದೆ ಅಂಗಳ, ಅಂಗಳದಲ್ಲಿ ಬಾವಿ. ಬೆಳಿಗ್ಗೆ ಲಿಲಾವು ಮುಗಿಸಿ ಮಧ್ಯಾಹ್ನದಿಂದ ನಾನು ಅಂಗಡಿಯಲ್ಲಿ ಕೂಡಬಹುದು.

"ಸಾಬ ಎಲ್ಲಿ ಕುಂದರ್ತಾನ?" ಎಂದು ಕೇಳಿದರು.

"ಯಂತ್ರಕ್ಕ ನೆರಳು ಬೇಕಲ್ರಿ ಸಾವ್ಕಾರ್ರ. ಹಿಂದ, ಅಂಗಳದೊಳಗ."

"ಹಂಗಾದ್ರ ಚೊಲೋ ಆತು. ನನಗೇನೂ ಇಲ್ರಿ ಅಣ್ಣಾಜಿ. ನಾಲ್ಕು ಊರಿನ ಮಂದಿ ಬರೂ ಪ್ಯಾಟಿ ನೋಡ್ರಿ ಇದು."

ನನಗೂ ಅದೇ ಸರಿ ಕಂಡಿತು. ಹಿಂದೆ ತಂಪೂ ಇದೆ. ಮಲ್ಲಿಕನಿಗೇ ಅನುಕೂಲ.

ರವಿವಾರ, ೨೦ ಫೆಬ್ರುವರಿ

ಏಲಕ್ಕಿಗೆಂದು ಇಬ್ಬರೂ ಹಾವೇರಿಗೆ ಹೋಗಿದ್ದೆವು. ಮಲ್ಲಿಕ ಅಂಗಡಿಯಿಂದ ಅಂಗಡಿಗೆ ನಡೆದ. ಒಂದು ಕಾಯಿ ಒಡೆದು ಮೂಸುವುದು, ಬೀಜ ಹಲ್ಲಿಗಿಟ್ಟು ಕಣ್ಣು ಮುಚ್ಚುವುದು, ಮುಂದೆ ಹೋಗುವುದು. ಆರನೆಯ ಅಂಗಡಿಯವನಿಗೆ ಸಿಟ್ಟು ಬಂತು. "ಕೊಳ್ಳಾವ್ರೋ, ಬರೇ ಮೂಸಾವ್ರೋ?" ಎಂದ. ಮಲ್ಲಿಕ ಆ ಅಂಗಡಿಯದನ್ನೇ ಕೊಂಡ. "ಸಿಟ್ಟಿಗೇಳಾಂವ ತನ್ನ ಮಾಲು ಎಂಥಾದ್ದಂತ ಬಲ್ಲ," ಎಂದು ನನಗೆ ಹೊರಗೆ ಬಂದು ಹೇಳಿದ.

ಚಹಾಕ್ಕೆಂದು ಹೊಟೇಲಿಗೆ ಹೋದರೆ ಮಾಲಕ ಇವನ ಟೋಪಿ ನೋಡಿ, "ಅವರಿಗೆ ಹಿಂದಿನ ಬಾಗಲದಾಗ ಕೊಡ್ತೀವ್ರಿ," ಎಂದ. ಬೆಂಚಿನಿಂದ ಎದ್ದು ಬಂದೆ. ನಮ್ಮ ಅಂಗಡಿಯಲ್ಲಿ ಇಂಥದ್ದು ನಡೆಯುವುದಿಲ್ಲ ಎಂದು ಬೀದಿಯಲ್ಲೇ ನಿಂತು ಮಲ್ಲಿಕನಿಗೆ ಮಾತು ಕೊಟ್ಟೆ.

"ಮಾತು ಆಮ್ಯಾಲೆ ಕೊಡು. ಮೊದಲ ಎಲ್ಲ್ಯರ ಚಾ ಕುಡಸು," ಎಂದ.

ಸ್ಟೇಶನ್ನಿನ ಹೊರಗೆ ಒಲೆ ಹೂಡಿಕೊಂಡು ಕೂತ ಒಬ್ಬ ಮುದುಕಿಯ ಹತ್ತಿರ ಇಬ್ಬರೂ ಕುಡಿದೆವು. ಒಳ್ಳೆಯ ಚಹಾ.

ಸೋಮವಾರ, ೧೪ ಮಾರ್ಚ್

ಬೋರ್ಡು ಬರೆಸುವ ದಿನ. ಪೇಂಟರ್ 'ಅಣ್ಣಾಜಿ' ಎಂದು ಸುಣ್ಣದ ಗೆರೆ ಎಳೆದಿದ್ದ, ಅಷ್ಟರಲ್ಲಿ ವಿರೂಪಾಕ್ಷಪ್ಪನವರು ಬಂದು ಹಿಂದೆ ಕೈ ಕಟ್ಟಿ ನಿಂತರು. ತುಸು ಹೊತ್ತು ನೋಡಿ, "ಎರಡು ಹೆಸರು ಭಾಳ ಉದ್ದ ಆಗತೈತಿ ನೋಡ್ರಿ. ಮಂದಿ ಓದೂದು ಮೊದಲನೇ ಶಬ್ದ. ತಂಪನಿಸೂವಂಥಾದ್ದು ಒಂದು ಬರಸ್ರಿ," ಎಂದರು. ವ್ಯಾಪಾರದಲ್ಲಿ ತಲೆ ಹಣ್ಣಾದವರ ಮಾತು. 'ಶೀತಲ ಭವನ' ಎಂದು ಬರೆಸಿದೆವು. ನನ್ನ ಹೆಸರನ್ನೂ ತೆಗೆಸಿದ್ದೇನೆ, ಅಂದಮೇಲೆ ಯಾರಿಗೂ ಅನ್ಯಾಯವಾಗಲಿಲ್ಲ.

ಸಂಜೆ ಮಲ್ಲಿಕ ನೋಡಿದ. ಜಾಗ ಸಾಲಲಿಲ್ಲ ಎಂದೆ. ಅವನು ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಗೇಣು ಹಾಕಿದ.

"ಎಂಟು ಗೇಣು ಐತಿ," ಎಂದ.

ನಾನು ಬರ್ಫಿನ ಮಾತು ತೆಗೆದೆ.

ರವಿವಾರ, ೨೭ ಮಾರ್ಚ್

ಮೊದಲ ಪರೀಕ್ಷೆ ಕೆಟ್ಟಿತು. ಹುಬ್ಬಳ್ಳಿಯಿಂದ ಬಂದ ಬರ್ಫು ಸ್ಟೇಶನ್ನಿನಿಂದ ಅಂಗಡಿಗೆ ಬಂಡಿಯಲ್ಲಿ ಬರುವಷ್ಟರಲ್ಲಿ ಅರ್ಧ ನೀರಾಗಿತ್ತು. ದಾರಿಯುದ್ದಕ್ಕೂ ಧೂಳಿನಲ್ಲಿ ತೇವದ ಗೆರೆ. ಮಲ್ಲಿಕ ಗಾಬರಿಯಾಗಲಿಲ್ಲ. ಅಂಗಿ ಬಿಚ್ಚಿ ಅಂಗಳದಲ್ಲಿ ಎದೆಯುದ್ದ ತೆಗ್ಗು ತೋಡಿದ, ತಳಕ್ಕೆ ಭತ್ತದ ಹೊಟ್ಟು ಹಾಸಿ, ಬರ್ಫನ್ನು ಗೋಣಿತಟ್ಟಿನಲ್ಲಿ ಸುತ್ತಿ ಇಳಿಸಿ, ಮೇಲೆ ಮತ್ತೆ ಹೊಟ್ಟು ಮುಚ್ಚಿದ. ಸಂಜೆಗೆ ತೆಗೆದರೆ ಇಳಿಸಿದಷ್ಟೇ ಇತ್ತು.

ಉಪ್ಪು ಎಷ್ಟು, ಯಾವಾಗ, ಡಬ್ಬಿಯ ಮುಚ್ಚಳಕ್ಕೆ ಅರಿವೆ ಹೇಗೆ ಬಿಗಿಯಬೇಕು ಎಂದು ನನಗೆ ಹೇಳಿಕೊಡಲು ಕರೆದ. ಅಷ್ಟರಲ್ಲಿ ಗಾಜಿನ ಬಟ್ಟಲು ತಂದವನು ಬಂದ. ಇನ್ನೊಮ್ಮೆ ನೋಡಿದರಾಯಿತು.

ಶುಕ್ರವಾರ, ೧ ಏಪ್ರಿಲ್. ಯುಗಾದಿ

ಅಂಗಡಿ ತೆರೆಯಿತು. ಬರೆಯಲು ಕೈಯಲ್ಲಿ ಶಕ್ತಿ ಇಲ್ಲ, ಆದರೂ ಬರೆಯಬೇಕು.

ಮೊದಲ ಬಟ್ಟಲು ವಿರೂಪಾಕ್ಷಪ್ಪನವರಿಗೆ. ಅವರು ಕಣ್ಣು ಮುಚ್ಚಿ ತಿಂದು, ಬಟ್ಟಲು ಕೆರೆದು, ಮತ್ತೊಂದು ಕೇಳಿದರು. ಆಮೇಲೆ ಪೇಟೆಯೇ ಬಂತು. ಮೆಣಸಿನಕಾಯಿ ತುಂಬುವವರು, ತೂಗುವವರು, ಗದಗಿನ ವ್ಯಾಪಾರಿಗಳು, ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಕೈಯಲ್ಲೂ ಬಟ್ಟಲು. ಕಾಗಿನೆಲೆ ಕಡೆಯ ಒಬ್ಬ ಮುದುಕ ಬಟ್ಟಲಿನಿಂದ ಏಳುವ ಹೊಗೆ ನೋಡಿ ಬಿಸಿ ಎಂದು ತಿಳಿದು ಊದಿ ಊದಿ ತಿಂದ. ಇಡೀ ಅಂಗಡಿ ನಕ್ಕಿತು, ಅವನೂ ನಕ್ಕ.

"ಯಾರ ಕೈಯ್ಯಾಗಿಂದ್ರಿ ಇದು?" ಎಂದು ಒಬ್ಬರು ಕೇಳಿದರು. "ನಮ್ಮವರದು," ಎಂದೆ. ಸುಳ್ಳಲ್ಲ.

ಮಲ್ಲಿಕ ಇಡೀ ದಿನ ಹಿಂದೆ ತಿರುವುತ್ತಲೇ ಇದ್ದ. ಸಂಜೆ ಅವನ ಅಂಗೈಗಳನ್ನು ನೋಡಿದೆ. ಬರ್ಫಿನ ತಂಪಿಗೆ ಬಿರಿದು ಕೆಂಪಾಗಿದ್ದವು. "ಮಂದಿ ಏನಂದ್ರು?" ಎಂದು ಕೇಳಿದ. ಅವನಿಗೆ ಏನೂ ಕೇಳಿಸಿರಲಿಲ್ಲ. ಮುದುಕನ ಸುದ್ದಿ ಹೇಳಿದೆ. "ನಾನೂ ನೋಡಬೇಕಿತ್ತು," ಎಂದ.

ಗುರುವಾರ, ೨೧ ಏಪ್ರಿಲ್

ಇಂದು ಒಂದು ತೊಡಕು ಬಂತು, ಬಿಡಿಸಿಕೊಂಡದ್ದೂ ಆಯಿತು. ಗದಗಿನ ವ್ಯಾಪಾರಿಗಳ ಜೊತೆ ಬಂದ ಒಬ್ಬ ಆಚಾರ್ಯರು ಬಟ್ಟಲು ಹಿಡಿಯುವ ಮೊದಲು, "ಹಿಂದ ಮಾಡೋ ಮನಷ್ಯಾ ಯಾರು?" ಎಂದು ಕೇಳಿದರು. ವಿರೂಪಾಕ್ಷಪ್ಪನವರು ಪಕ್ಕದಲ್ಲೇ ಕೂತಿದ್ದವರು, ಹುಬ್ಬು ಕೂಡ ಅಲುಗಿಸದೆ, "ಮಲ್ಲಪ್ಪ ಅಂತ್ರಿ. ನಮ್ಮ ಪೈಕಿ," ಎಂದುಬಿಟ್ಟರು. ಆಚಾರ್ಯರು ಅರೆಮನಸ್ಸಿನಿಂದಲೇ ತಿಂದರು.

ಸಂಜೆ ಮಲ್ಲಿಕನಿಗೆ ಹೇಳಿದೆ. ಅವನು ಜೋರಾಗಿ ನಕ್ಕ. "ಮಲ್ಲಿಕ ಅಂದ್ರೇನು, ಮಲ್ಲಪ್ಪ ಅಂದ್ರೇನು, ಬರ್ಫಿಗೆ ತಿಳೀತೈತೇನು? ಎಲ್ಲಿ, ಕರಿ ನೋಡೂಣು."

"ಮಲ್ಲಪ್ಪಾ," ಎಂದೆ.

"ಓ," ಎಂದ.

ಇಬ್ಬರೂ ನಕ್ಕೆವು. ಮಂದಿ ಇರುವಾಗ ಟೋಪಿ ಮಾತ್ರ ಹಾಕಿಕೊಳ್ಳಬೇಡ ಎಂದೆ. ಅವನು ಅದನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಕಿಸೆಯಲ್ಲಿಟ್ಟುಕೊಂಡ. ಎರಡು ತಿಂಗಳ ಮಾತು. ಮಳೆ ಬಿದ್ದ ಮೇಲೆ ಇದೆಲ್ಲ ಯಾರಿಗೆ ನೆನಪಿರುತ್ತದೆ?

ಶನಿವಾರ, ೩೦ ಏಪ್ರಿಲ್

ಮಲ್ಲಿಕ ಈಚೆಗೆ ಮಾತು ಕಡಿಮೆ ಮಾಡಿದ್ದಾನೆ. ನಾನು ಹಿಂದೆ ಹೋದರೆ ತಲೆ ಎತ್ತುವುದಿಲ್ಲ. ನಿನ್ನೆ ಶುಕ್ರವಾರ ನಮಾಜಿಗೆ ಹೋಗಬೇಕೆಂದ. ಆಚೆ ಓಣಿಯ ಮಸೀದಿಗೆ ಹೋದರೆ ಪೇಟೆಯ ಮಂದಿ ನೋಡುತ್ತಾರೆ, ಇನ್ನೊಂದು ತಿಂಗಳು ತಡೆ ಎಂದೆ. ಆಯಿತು ಅಂದ. ಆದರೆ ಅಂದ ರೀತಿ ನನಗೆ ಹಿಡಿಸಲಿಲ್ಲ. ಅಂಗಡಿ ಹೆಸರಾದದ್ದೇ ತನ್ನಿಂದ ಎಂಬ ಸೊಕ್ಕು ಬಂದಿರಬಹುದು. ಮುಂದೆ ಕೂತು ನಾಲ್ಕು ಮಂದಿಯನ್ನು ಸಂಭಾಳಿಸುವ ಕಷ್ಟ ಅವನಿಗೇನು ಗೊತ್ತು?

ಮಥುರಾ ಕೇಳಿದಳು, "ಅಂಗಡ್ಯಾಗ ಅವರಿಗೆ ಬ್ಯಾರೆ ಏನೋ ಕರೀತೀರಂತ?"

ಯಾರು ಹೇಳಿದರು ಎಂದೆ. ಊರಿಗೆ ಊರೇ ಮಲ್ಲಪ್ಪನ ಐಸ್‌ಕ್ರೀಮ್ ಎನ್ನುತ್ತಿದೆಯಂತೆ. ಅವಳು ಕೇಳಿದ ಧಾಟಿಯೂ ನನಗೆ ಹಿಡಿಸಲಿಲ್ಲ.

ಗುರುವಾರ, ೫ ಮೇ

ಎಲ್ಲ ಮುಗಿಯಿತು. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನ ಮೂರು ಗಂಟೆ. ಅಂಗಡಿ ತುಂಬಿತ್ತು. ಗದಗಿನವರು, ಅದೇ ಆಚಾರ್ಯರು, ವಿರೂಪಾಕ್ಷಪ್ಪನವರು, ಇನ್ನೂ ಹತ್ತೆಂಟು ಜನ. ಮೆಣಸಿನಕಾಯಿ ಬಂಡಿ ಹೊಡೆದುಕೊಂಡು ಬಂದಿದ್ದ ಐರಣಿಯ ಸೋಮಪ್ಪನೆಂಬ ಒಕ್ಕಲಿಗ ನೀರು ಕುಡಿಯಲು ಹಿಂದಿನ ಬಾವಿಗೆ ಹೋದವನು, ಮಲ್ಲಿಕನ ಹೆಗಲ ಮೇಲೆ ಕೈ ಹಾಕಿ ಅವನನ್ನು ಮುಂದಕ್ಕೆ ಎಳೆದುಕೊಂಡೇ ಬಂದ. ಪಾಪ, ಅವನಿಗೆ ಖುಷಿಯೋ ಖುಷಿ.

"ನಮ್ಮ ರಾಣೆಬೆನ್ನೂರ ಮಲ್ಲಿಕಸಾಬ ಇಲ್ಲಿ ಅದಾನಂತ ಒಬ್ರರ ಹೇಳಬೇಕಿಲ್ರಿ? ಇವರಪ್ಪ ಮತ್ತ ನಮ್ಮಪ್ಪ ಕೂಡಿ ಬಂಡಿ ಹೊಡದಾವ್ರು."

ಚಮಚೆಗಳ ಸಪ್ಪಳ ನಿಂತಿತು. ಒಬ್ಬ ಬಟ್ಟಲನ್ನು ನೆಲಕ್ಕಿಟ್ಟ. ಆಚಾರ್ಯರು ಎದ್ದು ಗಟಾರಿನ ಅಂಚಿಗೆ ಹೋಗಿ ಗಂಟಲಲ್ಲಿ ಬೆರಳು ಹಾಕಿಕೊಂಡರು. ಸೋಮಪ್ಪ ಏನಾಯಿತೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತ ನಿಂತ.

ಆಗ ವಿರೂಪಾಕ್ಷಪ್ಪನವರು ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದರು, "ಏನ್ರಿ ಅಣ್ಣಾಜಿ, ನಿಮಗ ಗೊತ್ತಿತ್ತೇನ್ರಿ ಇದು?"

ಆ ಹೆಸರು ಇಟ್ಟವರೇ ಅವರು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು. ಹದಿಮೂರು ವರ್ಷ ಉಪ್ಪು ತಿಂದ ಮನೆ, ಆ ಮುಖದಲ್ಲಿ ಏನೂ ಇರಲಿಲ್ಲ. ನಾನೇನು ಹೇಳಬೇಕಿತ್ತು? ಗೊತ್ತಿತ್ತು ಎಂದರೆ ಅಂಗಡಿ ಹೋಯಿತು, ಗುಮಾಸ್ತಿಕೆ ಹೋಯಿತು, ಊರಲ್ಲಿ ಅವ್ವ ತಲೆ ಎತ್ತುವ ಹಾಗಿರಲಿಲ್ಲ.

"ಇಲ್ರಿ," ಎಂದೆ. "ಮಲ್ಲಪ್ಪ ಅಂತ ಹೇಳಿ ಸೇರಿದ್ದ."

ಮಲ್ಲಿಕ ಹಾಲಿನ ಸೌಟು ಹಿಡಿದುಕೊಂಡು ನಿಂತಿದ್ದ. ನನ್ನನ್ನು ನೋಡಿದ. ಆಮೇಲೆ ಮಂದಿಯ ಕಡೆ ತಿರುಗಿ, "ಹೌದ್ರಿ. ನಾನ ಸುಳ್ಳು ಹೇಳಿದ್ದೆ. ಇವರಿಗೆ ಗೊತ್ತಿದ್ದಿಲ್ಲ," ಎಂದ.

ಸೌಟನ್ನು ಮೇಜಿನ ಮೇಲಿಟ್ಟ. ಕಿಸೆಯಿಂದ ಟೋಪಿ ತೆಗೆದು, ಮಡಿಕೆ ಬಿಡಿಸಿ, ತಲೆಗಿಟ್ಟುಕೊಂಡ. ಬಟ್ಟಲುಗಳ ನಡುವೆ ನಡೆದು ಮುಂದಿನ ಬಾಗಿಲಿನಿಂದ ಹೊರಟುಹೋದ.

ಹೋಗುವ ಅವಶ್ಯಕತೆ ಏನಿತ್ತು? ಹಿಂದೆ ಹೋಗಿ ಎರಡು ತಾಸು ಕೂತಿದ್ದರೆ ಮಂದಿ ಚದುರುತ್ತಿದ್ದರು, ನಾವು ಕೂಡಿ ಏನಾದರೂ ದಾರಿ ಹುಡುಕುತ್ತಿದ್ದೆವು. ಗೆಳೆಯನಾದವನು ಗೆಳೆಯನ ಸಂಕಟ ತಿಳಿಯಬೇಕು. ಹಂಗಾಮಿನ ನಡುವೆ ಕೈಬಿಟ್ಟು ಹೋದ.

ಶುಕ್ರವಾರ, ೬ ಮೇ

ಮಲ್ಲಿಕ ಬರಲಿಲ್ಲ.

ಮಂಗಳವಾರ, ೧೦ ಮೇ

ವಿರೂಪಾಕ್ಷಪ್ಪನವರು ಅಂಗಳಕ್ಕೆ ನೀರು ಹಾಕಿಸಿ ಪೂಜೆ ಮಾಡಿಸಿದರು. ಹಾವೇರಿಯಿಂದ ದತ್ತಂಭಟ್ಟನನ್ನು ಕರೆಸಿದ್ದೇನೆ. ಮದುವೆಗಳಲ್ಲಿ ಅಡಿಗೆ ಮಾಡುವವನು, ಕೈ ಶುದ್ಧ. ಇಂದು ಅವನು ತಿರುವಿದ. ಡಬ್ಬಿಗೆ ಉಪ್ಪುನೀರು ಇಳಿದು ಎಲ್ಲ ಉಪ್ಪಾಯಿತು. ಎರಡನೆಯ ಸಲ ಗಟ್ಟಿಯಾಗಲೇ ಇಲ್ಲ.

ಮಲ್ಲಿಕ ನನಗೆ ಬೇಕೆಂದೇ ಕಲಿಸಲಿಲ್ಲ. ಆರು ಸಲ ಕರೆದಿದ್ದ, ನಿಜ. ಆದರೆ ನನಗೆ ಮುಂದೆ ಕೆಲಸವಿರುತ್ತದೆಂದು ಗೊತ್ತಿದ್ದೇ ಕರೆಯುತ್ತಿದ್ದ.

ರವಿವಾರ, ೧೫ ಮೇ

ಮಕ್ತುಮಬಿಯ ತಮ್ಮ ಕುತುಬುದ್ದೀನ ಬಂದಿದ್ದ. ಮೆಟ್ಟಿಲು ಹತ್ತಲಿಲ್ಲ, ಬೀದಿಯಲ್ಲೇ ನಿಂತು ಮಾತಾಡಿದ.

"ಭಾವ ಯಂತ್ರ ಕೇಳ್ಯಾರ್ರಿ."

"ಹಂಗಾಮು ಮುಗೀಲಿ," ಎಂದೆ. "ಮಾತು ಹಂಗ ಆಗಿತ್ತು. ನಡುವ ಬಿಟ್ಟು ಹೋದಾಂವ ಅವ, ನಾನಲ್ಲ. ನ್ಯಾಯ ಹೇಳು."

ಅವನು ನ್ಯಾಯ ಹೇಳಲಿಲ್ಲ. "ಏನಂದ್ರು ಅಂತ ಕೇಳಿದ್ರ ಇದನ್ನ ಹೇಳ್ತೇನ್ರಿ," ಎಂದು ಹೊರಟ.

ಮಥುರಾ ಬಾಗಿಲ ಹಿಂದೆ ಇದ್ದಳು. ಇಂದು ನನ್ನೊಡನೆ ಮಾತಾಡಿಲ್ಲ.

ರವಿವಾರ, ೨೨ ಮೇ

ಅಂಗಡಿಗೆ ಮಂದಿ ಕಡಿಮೆಯಾಗಿದ್ದಾರೆ. ಬಂದವರು ಒಂದು ಚಮಚೆ ತಿಂದು, "ಮೊದಲಿಂದು ಇದಲ್ಲಲ್ರಿ," ಎನ್ನುತ್ತಾರೆ. ಗಂಟಲಲ್ಲಿ ಬೆರಳು ಹಾಕಿಕೊಂಡ ಆಚಾರ್ಯರ ಜೊತೆಯವನೇ ಇಂದು ಹಾಗೆಂದ. ವಿರೂಪಾಕ್ಷಪ್ಪನವರು ಬಂದು, ಮಳೆಗಾಲದ ಮೇಲೆ ಮಳಿಗೆಯನ್ನು ತಮ್ಮ ಅಳಿಯನಿಗೆ ಬಿಡಬೇಕಾಗಬಹುದು ಎಂದು ಸೂಚಿಸಿದರು. ಬೋರ್ಡು ಇದ್ದಲ್ಲೇ ಇರಲಿ, ಚೆನ್ನಾಗಿದೆ ಎಂದರು.

ಎಲ್ಲರೂ ನನ್ನನ್ನು ಬಳಸಿಕೊಂಡವರೇ. ಆದರೆ ವಿರೂಪಾಕ್ಷಪ್ಪನವರು ಧಣಿ, ಅವರಿಂದ ನಾನು ಹೆಚ್ಚೇನೂ ಬಯಸಿರಲಿಲ್ಲ. ಮಲ್ಲಿಕನಿಂದ ಬಯಸಿದ್ದೆ.

ರಾಣೆಬೆನ್ನೂರಿಗೆ ಹೋಗಿ ಅವನ ಎದುರಿಗೇ ಕೇಳಬೇಕು.

ಶುಕ್ರವಾರ, ೨೭ ಮೇ

ಹೋಗಿ ಬಂದೆ.

ಮನೆಯವರೆಗೆ ಹೋಗಬೇಕಾಗಲೇ ಇಲ್ಲ. ಸ್ಟೇಶನ್ನಿನಿಂದ ಹೊರಬಿದ್ದರೆ ಬೇವಿನ ಮರದ ಕೆಳಗೆ ಅವನ ಕೈಗಾಡಿ. ಬಡಿಗರು ಹಲಗೆ ಹೆರೆಯುವ ರಂದಾವನ್ನು ಬೋರಲು ಹಾಕಿ ಅದರ ಮೇಲೆ ಬರ್ಫು ಉಜ್ಜುತ್ತಿದ್ದ. ಅರಳೆಯಂತೆ ಉದುರುವ ಬರ್ಫನ್ನು ಗ್ಲಾಸಿಗೆ ತುಂಬಿ ಮಕ್ತುಮಬಿ ಮೇಲೆ ಕೆಂಪು ಶರಬತ್ತು ಸುರಿಯುತ್ತಿದ್ದಳು. ಹಮಾಲರು, ಪ್ರಯಾಣಿಕರು ಸುತ್ತ ನಿಂತಿದ್ದರು. ನನ್ನ ಅಂಗಡಿ ಮುಳುಗುತ್ತಿದ್ದರೆ ಇವನು ಇಲ್ಲಿ ಬೇರೆ ಅಂಗಡಿ ಹೂಡಿದ್ದಾನೆ ಎನ್ನಿಸಿತು.

"ಅಣ್ಣಾರು ಬಂದಾರ," ಎಂದಳು ಮಕ್ತುಮಬಿ, ತಲೆಯ ಮೇಲಿನ ಸೆರಗು ಎಳೆದುಕೊಳ್ಳುತ್ತ.

ಮಲ್ಲಿಕ ತಲೆ ಎತ್ತಿದ. "ಬಾ," ಎಂದ.

"ನಡು ಹಂಗಾಮಿನಾಗ ಕೈ ಬಿಟ್ಟು ಬಂದಿ," ಎಂದೆ. ಧ್ವನಿ ತಗ್ಗಿಸಿಯೇ ಹೇಳಿದೆ, ಮಂದಿ ಇದ್ದರು. "ಇಪ್ಪತ್ತು ವರ್ಷದ ದೋಸ್ತಿ ನಮ್ಮದು. ಹಿಂಗ ಮಾಡ್ತಾರೇನು?"

ಅವನು ಬರ್ಫು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಇವತ್ತಿಗೆ ಇಪ್ಪತ್ತೆರಡು ದಿನ ಆತು ಅಣ್ಣಾಜಿ. ಅವತ್ತು ಸಂಜಿ ಗಾಡಿಗೆ ನೀ ಬರ್ತಿ ಅಂತ ನಾ ಇಲ್ಲೇ ನಿಂತಿದ್ದೆ. ಮರುದಿನಾನೂ ನಿಂತೆ. ಒಂದು ವಾರ ನಿಂತೆ. ಸುಮ್ಮನ ನಿಂತಿದ್ದು ನೋಡಿ ಮಂದಿ ಕೇಳಾಕ ಹತ್ತಿದ್ರು. ಅದಕ್ಕ ಈ ಗಾಡಿ ಹಾಕಿದೆ."

ಬಂದ ಕೆಲಸದ ಮಾತು ತೆಗೆದೆ. ಯಂತ್ರವನ್ನು ಅವನ ಮನೆಗೇ ತಂದುಕೊಡುತ್ತೇನೆ, ಮನೆಯಲ್ಲೇ ಕೂತು ಮಾಡಲಿ, ನಾನು ಗಾಡಿಗೆ ಬಂದು ಒಯ್ಯುತ್ತೇನೆ, ಬೇಕಾದರೆ ಪಗಾರವೆಂದೇ ಕೊಡುತ್ತೇನೆ ಎಂದೆ. "ದತ್ತಂಭಟ್ಟ ಮಾಡಿದ್ದು ಅಂತ ಹೇಳಿದ್ರಾತು. ಯಾರಿಗೂ ತಿಳಿಯೂದಿಲ್ಲ."

"ಯಾರಿಗೂ ತಿಳಿಯೂದಿಲ್ಲ," ಎಂದು ಅವನು ನನ್ನ ಮಾತನ್ನೇ ಆಡಿದ. ರಂದಾ ನಿಂತಿತು. "ನಾ ಮಾಡಿದ್ದು ಒಬ್ಬರಿಗರ ತಿಳೀಲೋ ಅಣ್ಣಾಜಿ. ಹಿಂದ ಕುಂದರ ಅಂದಿ, ಕುಂತೆ. ಟೋಪಿ ತಗಿ ಅಂದಿ, ತಗದೆ. ಹೆಸರೂ ಬಿಡು ಅಂದಿ, ಬಿಟ್ಟೆ. ಅವತ್ತು ನೀ ಸುಮ್ಮನ ಇದ್ದಿದ್ರೂ ಸಾಕಿತ್ತು. ನಾ ಹಿಂದ ಹೋಗಿ ಕುಂದರತಿದ್ದೆ."

ಅಷ್ಟರಲ್ಲಿ ಮಕ್ತುಮಬಿ ಒಂದು ಗ್ಲಾಸು ತುಂಬಿ ನನ್ನ ಮುಂದೆ ಹಿಡಿದಳು. "ಬಿಸಲಾಗ ಬಂದೀರಿ ಅಣ್ಣಾರ, ತಗೋರಿ," ಎಂದಳು.

ನನಗೆ ನೀರಡಿಸಿತ್ತು. ಕೈ ಎತ್ತಬೇಕೆಂದುಕೊಂಡೆ. ಆಚೆ ಹಮಾಲರ ನಡುವೆ ಬ್ಯಾಡಗಿಯ ಪೇಟೆಯಲ್ಲಿ ನೋಡಿದಂಥ ಒಂದು ಮುಖ ಇತ್ತು, ಯಾರದೆಂದು ಗುರುತು ಹತ್ತಲಿಲ್ಲ. ಕೈ ಏಳಲಿಲ್ಲ.

"ಇವತ್ತು ಏಕಾದಶಿ," ಎಂದೆ.

ಗ್ಲಾಸು ಅಲ್ಲೇ ನಿಂತಿತು. ಮಲ್ಲಿಕ ಅದನ್ನು ಹೆಂಡತಿಯ ಕೈಯಿಂದ ಮೆತ್ತಗೆ ತೆಗೆದುಕೊಂಡು ಪಕ್ಕದ ಹಮಾಲನಿಗೆ ಕೊಟ್ಟ.

"ಏಕಾದಶಿ ಮೊನ್ನೆ ಬುಧವಾರ ಆತು, ಅಣ್ಣಾಜಿ," ಎಂದ. "ಅವ್ವಾರು ಹೆಂಗದಾರ? ಈ ಬ್ಯಾಸಗ್ಯಾಗೂ ನೀರ ಸೈತ ಮುಟ್ಟೂದಿಲ್ಲಲ್ಲ ಅವರು. ಉಪಾಸ ಬಿಡೂ ಹೊತ್ತಿಗೆ ಎಳನೀರು ಕೊಡು."

ಚೆನ್ನಾಗಿದ್ದಾಳೆ ಎಂದೆ. ತಿರುಗಿ ಬರುವ ಗಾಡಿಗೆ ಇನ್ನೂ ಎರಡು ತಾಸಿತ್ತು. ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ ಕೂತೆ.

ಶನಿವಾರ, ೨೮ ಮೇ

ಪಂಚಾಂಗ ತೆಗೆದು ನೋಡಿದೆ. ಏಕಾದಶಿ ಬುಧವಾರವೇ.

ಊಟಕ್ಕೆ ಕೂತಾಗ ಮಥುರಾ ಕೇಳಿದಳು. ಹದಿಮೂರು ದಿನಗಳ ಮೇಲೆ ಅವಳಾಗಿ ಆಡಿದ ಮಾತು.

"ಅಲ್ಲೇನು ತಗೊಂಡ್ರಿ?"

"ಏನೂ ಇಲ್ಲ."

"ಅವರು ಕೇಳಲಿಲ್ಲೇನು?"

"ಕೇಳಿದ್ರು."

ಅವಳು ಅನ್ನದ ಮೇಲೆ ಸಾರು ಹಾಕಿ ಒಳಗೆ ಹೋದಳು. ನಾನು ಉಣ್ಣದೆ ಎದ್ದೆ.

ಮಧ್ಯಾಹ್ನ ಅಂಗಡಿಗೆ ಹೋಗಿ ಯಂತ್ರವನ್ನು ಬಾವಿಯ ಹತ್ತಿರ ತರಿಸಿದೆ. ದತ್ತಂಭಟ್ಟ ಡಬ್ಬಿಯನ್ನು ಸರಿಯಾಗಿ ತೊಳೆಯುತ್ತಲೇ ಇರಲಿಲ್ಲ, ತಳದಲ್ಲಿ ಉಪ್ಪು ಗಟ್ಟಿಯಾಗಿ ತುಕ್ಕು ಹಿಡಿಯಹತ್ತಿತ್ತು. ಹುಣಸೆಹಣ್ಣು ಹಚ್ಚಿ ನಾನೇ ತಿಕ್ಕಿದೆ. ಹಲ್ಲುಚಕ್ರಕ್ಕೆ ಎಣ್ಣೆ ಬಿಟ್ಟೆ. ಹಿಡಿಕೆಯ ಕಟ್ಟಿಗೆ ಒಂದು ಕಡೆ ಸವೆದು ಅಂಗೈಯಷ್ಟೇ ತಗ್ಗಾಗಿದೆ.

"ನಾಳೆ ಹಾಲು ಎಷ್ಟು ಹೇಳಲಿರಿ?" ಎಂದು ದತ್ತಂಭಟ್ಟ ಕೇಳಿದ. ಬೇಡ ಎಂದೆ.

ಸೋಮವಾರ, ೩೦ ಮೇ

ಬೆಳಿಗ್ಗೆ ಯಂತ್ರವನ್ನು ಗೋಣಿಯಲ್ಲಿ ಹೊಲಿಸಿ ಬಂಡಿಯಲ್ಲಿ ಹೇರಿಸಿದೆ. ಮಥುರಾ ಬಾಗಿಲಲ್ಲಿ ನಿಂತು ನೋಡಿದಳು. ಎಲ್ಲಿಗೆ ಎಂದು ಕೇಳಲಿಲ್ಲ.

ಸ್ಟೇಶನ್ನಿನಲ್ಲಿ ಗದ್ದಲ. ಹಂಗಾಮಿನ ಕೊನೆಯ ಮೆಣಸಿನಕಾಯಿ ಚೀಲಗಳು ಹೋಗುತ್ತಿದ್ದವು. ಪಾರ್ಸಲ್ ಕಿಟಕಿಯ ಹತ್ತಿರ ಏಳೆಂಟು ಜನ. ವಿರೂಪಾಕ್ಷಪ್ಪನವರೂ ತಮ್ಮ ಮಾಲು ಕಳಿಸಲು ಬಂದಿದ್ದರು. ನನ್ನನ್ನು ನೋಡಿ, "ಏನ್ರಿ ಅಣ್ಣಾಜಿ, ಲಿಲಾವಿನ ಹೊತ್ತಿನ್ಯಾಗ ಇಲ್ಲಿ?" ಎಂದರು. ಒಂದು ಪಾರ್ಸಲ್ ಇದೆ ಎಂದೆ.

ಪಾರ್ಸಲ್ ಬಾಬು ರಸೀದಿ ಪುಸ್ತಕ ತೆರೆದು, ತಲೆ ಎತ್ತದೆ ಕೇಳಿದ, "ಮಾಲು ಯಾರದ್ರಿ?"

"ಮಲ್ಲಿಕಸಾಬರದು."

"ಯಾರದು? ಜೋರಾಗಿ ಹೇಳ್ರಿ, ಕೇಳವಲ್ದು."

ಹಿಂದೆ ವಿರೂಪಾಕ್ಷಪ್ಪನವರು ಗದಗಿನವರೊಡನೆ ಆಡುತ್ತಿದ್ದ ಮಾತು ನಿಂತಿತು. ಇಂಜಿನ್ನು ಇನ್ನೂ ಬಂದಿರಲಿಲ್ಲ. ಅಷ್ಟು ಜನರಿದ್ದೂ ಯಾರೂ ಸೀನಲಿಲ್ಲ.

"ಮಲ್ಲಿಕಸಾಬ, ರಾಣೆಬೆನ್ನೂರು," ಎಂದೆ. "ಶೀತಲ ಭವನದಾಗ ಐಸ್‌ಕ್ರೀಮ್ ಮಾಡ್ತಿದ್ದವರು. ನನಗ ಮೊದಲಿಂದ ಗೊತ್ತಿತ್ತು."

ಬಾಬು ಹೆಸರು ಮತ್ತು ಊರು ಎರಡನ್ನಷ್ಟೇ ಬರೆದುಕೊಂಡ.